ಮಾಲಕನ ಗುರುತು ಹಿಡಿಯದ ಕೀಲಿ

ನಮ್ಮ ನರಸಪ್ಪ ಕಾಕಾ ಗುಡಿಗೆ ಹೋದರೆ ಎರಡೂ ಚಪ್ಪಲಿಯನ್ನು ಸಣ್ಣ ಸರಪಳಿಯಿಂದ ಬಿಗಿದು, ಕೀಲಿ ಹಾಕಿಯೇ ಒಳಗೆ ಕಾಲಿಡುತ್ತಿದ್ದ. ಒಂದು ಸಲ ಕೀಲಿಕೈಯನ್ನು ತೆಂಗಿನಕಾಯಿಯ ಜೊತೆ ಪೂಜಾರಿಯ ತಟ್ಟೆಗೆ ಹಾಕಿಬಿಟ್ಟ. ಪೂಜಾರಿ ಗರ್ಭಗುಡಿಗೆ ಬೀಗ ಜಡಿದು ಊಟಕ್ಕೆ ಹೊರಟುಹೋದರು. ಕಾಕಾ ಜೋಡಿ ಚಪ್ಪಲಿಯನ್ನು ಹೆಗಲಿಗೆ ಹಾಕಿಕೊಂಡು, ಮಟಮಟ ಮಧ್ಯಾಹ್ನ, ಕಾದ ಡಾಂಬರಿನ ಮೇಲೆ ಕುಣಿಯುತ್ತ ನಾರಾಯಣಪೇಟೆಯ ಬಜಾರು ದಾಟಿ ಮನೆಗೆ ಬಂದ. ನಕ್ಕವರಿಗೆಲ್ಲ ಅವನದು ಒಂದೇ ಉತ್ತರ: "ನಗ್ರಿ, ನಗ್ರಿ. ಆದ್ರ ನನ್ನ ಚಪ್ಪಲಿ ಯಾರರ ಒಯ್ದಾರೇನು?"

ಅವನು ನನ್ನಪ್ಪನ ತಮ್ಮ. ನಮ್ಮದು, ಅವನದು ಒಂದೇ ಗೋಡೆಯ ಎರಡು ಮನೆ. ಹೊಟ್ಟೆಪಾಡಿಗೆ ಓಣಿಯ ಮಗ್ಗಗಳ ರಿಪೇರಿ ಮಾಡುತ್ತಿದ್ದ, ಆದರೆ ಜೀವವೆಲ್ಲ ಕೀಲಿಯಲ್ಲಿ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಹೆಂಡತಿ ಮಕ್ಕಳ ಕ್ಷೇಮ ಆಮೇಲೆ, ಮೊದಲು "ಮನಿ ಕೀಲಿ ಹೆಂಗೈತ್ರಿ?" ನನ್ನ ಮದುವೆಗೆ ಎಲ್ಲರೂ ಸೀರೆ, ಪಾತ್ರೆ ಕೊಟ್ಟರೆ ಈ ಪುಣ್ಯಾತ್ಮ ಒಂದು ಹಿತ್ತಾಳೆ ಕೀಲಿ ಕೊಟ್ಟ. ಒಂದು ಕೀಲಿಕೈ ನಿನಗೆ, ಒಂದು ನಿನ್ನ ಗಂಡನಿಗೆ, ಮೂರನೆಯದು ಮಾಡಿಸಲು ನಿಮ್ಮತ್ತಿ ಬಂದರೆ ನಾನು ಊರಲ್ಲೇ ಇಲ್ಲವೆಂದು ಹೇಳು ಎಂದ. ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಅಪ್ಪ ಇದಕ್ಕೆ ತದ್ವಿರುದ್ಧ. ನೇಯ್ಗೆಯಲ್ಲಿ, ನೂಲಿಗೆ ಬಣ್ಣ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸಿಟ್ಟಿನಲ್ಲಿ ಅಂತೂ ಇರಲೇ ಇಲ್ಲ. ಸಾಲದ್ದಕ್ಕೆ ಮನೆಯಲ್ಲಿ ಅಜ್ಜನ ಜೋಡುನಳಿಗೆ ಬಂದೂಕು ಬೇರೆ. ಮರಿಕಲ್ ಹತ್ತಿರದ ನಮ್ಮ ತುಂಡು ಹೊಲದ ಶೇಂಗಾಕ್ಕೆ ಬೀಳುವ ಹಂದಿಗಳನ್ನು ಬೆದರಿಸಲೆಂದು ಲೈಸೆನ್ಸ್ ಸಮೇತ ಬಂದದ್ದು. ನನ್ನ ಮದುವೆಗೆ ಮೊದಲು ಒಂದು ದಿನ ಗಟಾರದ ನೀರಿನ ವಿಷಯಕ್ಕೆ ಎದುರು ಮನೆಯವರೊಂದಿಗೆ ಜಗಳ ಹತ್ತಿತು. ಅಪ್ಪ ಒಳಗೆ ಓಡಿ ಬಂದೂಕು ತಂದ. ಬರೀ ಹೆದರಿಸುವುದಕ್ಕೆ ಎಂದು ಇಂದಿಗೂ ಆಣೆ ಮಾಡುತ್ತಾನೆ. ಅದು ಢಂ ಎಂದಿತು. ಎದುರು ಮನೆಯ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಒಡೆದು, ಜಗಳವಾಡುತ್ತಿದ್ದವರು, ಬಿಡಿಸಲು ಬಂದವರು, ನೋಡಲು ನಿಂತವರು ಎಲ್ಲರಿಗೂ ತಲೆಸ್ನಾನವಾಯಿತು. ಓಣಿ ಕೇಕೆ ಹಾಕಿ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಆ ಮನೆಯ ಸೊಸೆ ಒಂದು ಕ್ಷಣ ಮೊದಲು ಅದೇ ಟ್ಯಾಂಕಿನ ಪಕ್ಕ ಬಟ್ಟೆ ಒಣಹಾಕುತ್ತಿದ್ದುದನ್ನು ಅವಳು ನೋಡಿದ್ದಳು.

ಅಂದೇ ಅವ್ವ ಗದ್ವಾಲದ ತವರಿಗೆ ಹೊರಟಳು. ಮನೆಯಲ್ಲಿ ಬಂದೂಕಾದರೂ ಇರಬೇಕು, ತಾನಾದರೂ ಇರಬೇಕು ಎಂದಳು. ಅಜ್ಜನ ನೆನಪನ್ನು ಠಾಣೆಗೆ ಕೊಡುವುದಿಲ್ಲ ಎಂದು ಅಪ್ಪ ಹಟ ಹಿಡಿದ. ಎರಡು ತಿಂಗಳು ಅಪ್ಪ ಮಾಡಿದ ಅನ್ನ ತಿಂದೆವು. ದೇವರು ಶತ್ರುವಿಗೂ ಅದನ್ನು ಕೊಡಬಾರದು.

ಆಗ ಕಾಕಾನ ಮೈಮೇಲೆ ದೇವರು ಬಂದಂತಾಯಿತು. ಹೊರದೇಶದಲ್ಲಿ ಮಾಲಕನ ಬೆರಳಿನ ಗುರುತು ಹಿಡಿಯುವ ಬಂದೂಕುಗಳಿವೆಯಂತೆ, ಬೇರೆಯವರು ಮುಟ್ಟಿದರೆ ಹಾರುವುದಿಲ್ಲವಂತೆ, ಮಕ್ಕಳ ಕೈಗೆ ಸಿಕ್ಕರೂ, ಕಳ್ಳನ ಕೈಗೆ ಸಿಕ್ಕರೂ ಕಬ್ಬಿಣದ ಕೋಲಂತೆ. ಮೊಬೈಲಿನಲ್ಲಿ ಅದರ ವೀಡಿಯೊ ಇಟ್ಟುಕೊಂಡು ಬಸ್ಸು ಹತ್ತಿ ಗದ್ವಾಲಕ್ಕೇ ಹೋದ. ನಾನೂ ಜೊತೆಗಿದ್ದೆ. ಅವ್ವ ವೀಡಿಯೊ ಪೂರ್ತಿ ನೋಡಿ, ಮೊಬೈಲು ಅವನ ಕೈಗಿಟ್ಟಳು.

"ಮಾಲಕನ ಗುರುತು ಹಿಡಿತೈತಿ, ಖರೆ. ಮಾಲಕನ ಸಿಟ್ಟಿನ ಗುರುತು ಹಿಡಿತೈತೇನು ನರಸಪ್ಪ? ನನಗ ಕಳ್ಳರ ಅಂಜಿಕಿ ಇಲ್ಲ. ನಿಮ್ಮಣ್ಣಂದೇ ಅಂಜಿಕಿ."

ಕಾಕಾ ಮೊಬೈಲು ಜೇಬಿಗಿಟ್ಟ. ಬೆರಳು ಇಟ್ಟು ಕೀಲಿ ತೆರೆಯುವಷ್ಟರಲ್ಲಿ ಮನುಷ್ಯನಿಗೆ ಒಂದು ಉಸಿರು ಎಳೆದುಕೊಳ್ಳಲು ಪುರಸೊತ್ತು ಸಿಗುತ್ತದೆ, ಅಷ್ಟಾದರೂ ಆಗಲಿ ವೈನಿ ಎಂದು ಅತ್ತಿಗೆಗೆ ಕೈಮುಗಿದ. ಅವ್ವನಿಗೂ ಮನೆ ನೆನಪಾಗಿತ್ತೋ ಏನೋ, ನೋಡೋಣ ಎಂದು ಬಂದಳು.

ಬಂದೂಕಿಗೆ ತೂತು ಹಾಕಲು ಅಪ್ಪ ಬಿಡಲಿಲ್ಲ. ಅದಕ್ಕೆ ಕಾಕಾ, ಗುಂಡು ಹಾರಿಸಲು ಬೆರಳಿಡುವ ಜಾಗವನ್ನೇ ಗಟ್ಟಿಯಾಗಿ ಕಚ್ಚಿಕೊಳ್ಳುವ ಒಂದು ಕಬ್ಬಿಣದ ಚಿಪ್ಪು ಮಾಡಿ, ಹೈದರಾಬಾದಿನಿಂದ ತರಿಸಿದ ಬೆರಳಚ್ಚಿನ ಕೀಲಿಯನ್ನು ಅದಕ್ಕೆ ಕೂಡಿಸಿದ. ಅಮಾವಾಸ್ಯೆಯ ದಿನ ಅಪ್ಪನ ಹೆಬ್ಬೆಟ್ಟನ್ನು ಅದಕ್ಕೆ ಪರಿಚಯ ಮಾಡಿಸಿದ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತಾರೆ, ಅಪ್ಪ ಕೈಗೆ ಸಿಗುವುದು ಅಂದೇ. ಎಣ್ಣೆ ನೀರು ಹಾಕಿಕೊಂಡು, ಹೋಳಿಗೆ ತಿಂದು, ಹಾಲಿನಂಥ ಮನಸ್ಸಿನಿಂದ ಅಪ್ಪ ಹೆಬ್ಬೆಟ್ಟು ಒತ್ತಿದ. ಟಿಣ್ ಎಂದು ತೆರೆಯಿತು. ಕಾಕಾ ಇಡೀ ಓಣಿಗೆ ಸಕ್ಕರೆ ಹಂಚಿದ.

ವಾರ ಕಳೆದಿರಲಿಲ್ಲ. ಸಾಹುಕಾರರ ಕಡೆಯಿಂದ ಸೀರೆ ಒಯ್ಯಲು ಬಂದ ರಾಮುಲು ಅಂಚಿನಲ್ಲಿ ಬಣ್ಣ ಬಿಟ್ಟಿದೆ ಎಂದು ಸೀರೆ ವಾಪಸು ಎಸೆದ. ಅಪ್ಪನ ಕಣ್ಣು ಕೆಂಪಾಯಿತು. ಒಳಗೆ ನುಗ್ಗಿ ಬಂದೂಕು ಎತ್ತಿಕೊಂಡು, ಹೆಬ್ಬೆಟ್ಟು ಒತ್ತಿದ. ಅವ್ವ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಕೀಲಿಯೊಳಗಿನ ಹೆಂಗಸು ಬಲು ಮರ್ಯಾದೆಯಿಂದ ಹಿಂದಿಯಲ್ಲಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದಳು. ಅಪ್ಪ ಒತ್ತಿದ. ಮತ್ತೊಮ್ಮೆ ಪ್ರಯತ್ನಿಸಿ. ಧೋತರಕ್ಕೆ ಒರೆಸಿ ಒತ್ತಿದ. ಮತ್ತೊಮ್ಮೆ ಪ್ರಯತ್ನಿಸಿ. ಊದಿದ, ಉಜ್ಜಿದ, ಆ ಹೆಂಗಸಿನ ಏಳು ತಲೆಮಾರನ್ನು ಬೈದ. ಅವಳ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಬಾಗಿಲ ಹೊರಗಿಂದ ಇಣುಕಿ ನೋಡುತ್ತಿದ್ದ ರಾಮುಲುವಿಗೆ ಪಾಪ, ತಡೆಯಲಾಗಲಿಲ್ಲ. "ತಲಕು ರಾಸ್ಕೋ ಬಾವಾ, ರೇಷನ್ ದುಕಾಣಂಲ ನೇನು ಗಟ್ಲೇ ಚೇಸ್ತ" ಎಂದ. ತಲೆಗೆ ಉಜ್ಜಿಕೋ, ರೇಷನ್ ಅಂಗಡಿಯಲ್ಲಿ ನಾನು ಹಾಗೇ ಮಾಡುತ್ತೇನೆ ಎಂದು. ತನ್ನ ಎದೆಗೆ ಹಿಡಿಯಲಿರುವ ಬಂದೂಕು ಹೇಗೆ ತೆರೆಯಬೇಕೆಂದು ತಾನೇ ಹೇಳಿಕೊಡುತ್ತಿದ್ದ! ಅಪ್ಪ ಅವನ ಮಾತು ಕೇಳಿ ತಲೆಗೆ ಉಜ್ಜಿಕೊಂಡ ಕೂಡ. ಆಮೇಲೆ ಅವನಿಗೇ ಹೊಳೆಯಿತು. ಮೊದಲು ಅಪ್ಪನ ಹೊಟ್ಟೆ ನಗೆಯಿಂದ ಕುಲುಕಿತು, ಆಮೇಲೆ ರಾಮುಲುವಿನದು. ಅವ್ವ ನಕ್ಕು ನಕ್ಕು ಹೊಸ್ತಿಲ ಮೇಲೆ ಕುಸಿದು, ಅಲ್ಲೇ ಅಳತೊಡಗಿದಳು. ರಾಮುಲು ಚಹಾ ಕುಡಿದು, ಸೀರೆ ಒಯ್ದ.

ಕಾಕಾ ಮಾತ್ರ ನಗಲಿಲ್ಲ. ಸತ್ತವರ ಮನೆಯವನ ಹಾಗೆ ಕೂತ. ಮುಂದಿನ ಅಮಾವಾಸ್ಯೆಗೆ, ಮಲಗಿದ್ದ ಅಪ್ಪನ ಹೆಬ್ಬೆಟ್ಟು ಮೆಲ್ಲಗೆ ಒತ್ತಿಸಿದಾಗ ಕೀಲಿ ಒಂದೇ ಏಟಿಗೆ ತೆರೆಯಿತು; ಆಗ ತನ್ನ ತಪ್ಪು ಅವನಿಗೆ ತಿಳಿಯಿತು. ಕೀಲಿ ಕಲಿತದ್ದು ಅಮಾವಾಸ್ಯೆಯ ಹೆಬ್ಬೆಟ್ಟನ್ನು. ಮಗ್ಗ ನಡೆಯುವ ದಿನ ನೂಲು ತಿಂದು, ಬಣ್ಣ ಕುಡಿದು ಒರಟಾದ ಹೆಬ್ಬೆಟ್ಟು ಅದಕ್ಕೆ ಅಪರಿಚಿತ. ನೇಕಾರರ ನಡುವೆ ಹುಟ್ಟಿ ಬೆಳೆದು ಇಷ್ಟು ತಿಳಿಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡ. ಅಪ್ಪನಿಗೆ ಸಿಟ್ಟು ಬರುವುದೂ ಮಗ್ಗ ನಡೆಯುವ ದಿನವೇ. ಅಮಾವಾಸ್ಯೆಗೆ ಅವನು ಹೋಳಿಗೆ ತಿಂದು ಗೊರಕೆ ಹೊಡೆಯುತ್ತಿದ್ದ.

"ಕೆಲಸದ ಹೆಬ್ಬೆಟ್ಟೂ ಕಲಿಸಿಬಿಡ್ತೀನ್ರಿ ವೈನಿ. ಐದು ಮಿನಿಟಿನ ಕೆಲಸ ಐತಿ."

"ಬ್ಯಾಡ."

"ಮಾಲಕಗ ತೆರೀಲಾರದ್ದು ಕೀಲಿ ಅಲ್ಲರಿ. ನನ್ನ ಹೆಸರು ಕೆಡತೈತಿ."

"ಕೆಡಲಿ ಬಿಡು" ಎಂದಳು ಅವ್ವ. "ನನ್ನ ಸಲುವಾಗಿ ಕೆಡಲಿ."

ಕೆಟ್ಟಿತು. ಮಕ್ತಲದವರೆಗೂ ಸುದ್ದಿ ಹೋಯಿತು. ಅಣ್ಣನ ಬೆರಳೇ ಹಿಡಿಯದ ಕೀಲಿ ಮಾಡಿದವನು ಎಂದು ಸಂತೆಯಲ್ಲಿ ಎಷ್ಟು ಚುಡಾಯಿಸಿದರೂ, ಕಾಕಾ ಕಾರಣವನ್ನು ಒಬ್ಬರ ಹತ್ತಿರವೂ ಬಾಯಿಬಿಡಲಿಲ್ಲ. ಅಪ್ಪ ರಿಪೇರಿ ಮಾಡು ಎಂದಾಗಲೆಲ್ಲ ಸಾಮಾನು ಹೈದರಾಬಾದಿನಿಂದ ಬರಬೇಕು ಎನ್ನುತ್ತಿದ್ದ. ಆರು ವರ್ಷ ಆ ಸಾಮಾನು ಬರಲೇ ಇಲ್ಲ. ಕೀಲಿಯಲ್ಲೇ ಜೀವ ಇಟ್ಟವನು ಅತ್ತಿಗೆಗೋಸ್ಕರ ಕೆಟ್ಟ ಕೆಲಸಗಾರ ಅನ್ನಿಸಿಕೊಂಡ. ಇಷ್ಟು ದೊಡ್ಡ ಮನಸ್ಸಿನವನನ್ನು ನಾನು ಬೇರೆ ನೋಡಿಲ್ಲ.

ಹೋದ ಬೇಸಿಗೆಯಲ್ಲಿ ಎದೆನೋವು ಅಂದವನು ಚಹಾ ಬರುವಷ್ಟರಲ್ಲಿ ಹೋಗಿಬಿಟ್ಟ. ಸೂತಕದ ಹನ್ನೊಂದು ದಿನ ಅಪ್ಪ ಮಗ್ಗಕ್ಕೆ ಕೈ ಹಚ್ಚಲಿಲ್ಲ, ಬಣ್ಣ ಮುಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ, ಬಂದೂಕು ಠಾಣೆಗೆ ಒಪ್ಪಿಸಿ ಬರುತ್ತೇನೆ ಎಂದು ತಾನಾಗಿಯೇ ಅವ್ವನಿಗೆ ಹೇಳಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಚಿಪ್ಪು ತೆಗೆಯಬೇಕಿತ್ತು. ಸುಮ್ಮನೆ ಹೆಬ್ಬೆಟ್ಟು ಒತ್ತಿದ. ಟಿಣ್ ಎಂದು ತೆರೆಯಿತು.

ಅಪ್ಪನಿಗೆ ಎಲ್ಲಿಲ್ಲದ ಖುಷಿ. ನಡುಗೋಡೆಯ ಕಡೆ ಮುಖ ಮಾಡಿ ಕೂಗಿದ: "ನರಸ್ಯಾ, ನಿನ್ನ ಕೀಲಿ ತೆರೀತೋ. ಬಂದು ನೋಡಿಲ್ಲಿ."

ಕೂಗಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದ.