ಪೋಲೆಂಡಿನವರು ನೋಡಿದ ಬರಿಗಾಲು

೧೯೯೭ರಲ್ಲಿ ಏಳನೇ ಕ್ಲಾಸು ಪಾಸಾದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಇವನಿಗೆ ಓದು ಹತ್ತಲಿಲ್ಲ ಅಂತ ಯಾರಾದರೂ ಅಂದರೆ ಇವತ್ತಿಗೂ ಸಿಟ್ಟು ಬರುತ್ತೆ. ಹತ್ತುತ್ತಿತ್ತು, ಕಬ್ಬಿಣ ಇನ್ನೂ ಚೆನ್ನಾಗಿ ಹತ್ತಿತು, ಅಷ್ಟೆ. ಹಳೇಬೀಡಿನಿಂದ ಮಾದಿಹಳ್ಳಿವರೆಗೆ ಮನೆ ಮನೆಯ ಗೇಟು ಎಳೆದು ನೋಡಿ. ಕಿರ್ರ್ ಅನ್ನದಿದ್ದರೆ ಅದು ನಾನು ವೆಲ್ಡ್ ಮಾಡಿದ್ದು.

ಆದರೆ ಈಚೆಗೆ ಜನ ಗೇಟನ್ನೂ ರೆಡಿಮೇಡ್ ಅಂಗಿಯ ಹಾಗೆ ಟೌನಿನಿಂದ ತರತೊಡಗಿದರು. ನನ್ನ ಶೆಡ್ಡಿಗೆ ಉಳಿದದ್ದು ಮುರಿದ ಕೊಕ್ಕೆ, ಕಳಚಿದ ಚಿಲಕ. ಇಷ್ಟು ಕಲಿತ ಕೈಯನ್ನು ಚಿಲಕಕ್ಕೆ ಸವೆಸುವುದು ನನ್ನಿಂದ ಆಗಲಿಲ್ಲ. ಅರಸೀಕೆರೆಯಲ್ಲಿ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟನೊಬ್ಬನಿದ್ದ. ಪೋಲೆಂಡಿನಲ್ಲಿ ಟ್ರೇಲರ್ ತಯಾರಿಸುವ ಕಂಪನಿಗೆ ವೆಲ್ಡರ್ ಬೇಕಂತೆ.

"ವಿಡಿಯೋ ಕಾಲಲ್ಲಿ ನಿಮ್ಮ ಕೆಲಸ ನೋಡ್ತಾರಣ್ಣ. ಒಪ್ಪಿದ್ರೆ ಪರ್ಮಿಟ್ ಕಾಗದ ಬರುತ್ತೆ. ಆ ಕಾಗದ ಇದ್ರೇನೇ ವೀಸಾ," ಅಂದ.

ವಿಡಿಯೋ ಕಾಲಿನ ದಿನ ಹೊಸ ಅಂಗಿ ಹಾಕಿದೆ. ಹೆಂಡತಿ ಫೋನು ಹಿಡಿದು ನಿಂತಳು. ಆಚೆ ಒಬ್ಬ ಬಿಳಿ ಗಡ್ಡದ ಮೇಸ್ತ್ರಿ. ಅವನ ಮಾತನ್ನು ಕನ್ನಡ ಮಾಡಲು ನಮ್ಮ ಏಜೆಂಟೂ ಅದೇ ಫೋನಿನಲ್ಲಿದ್ದ. ಎಂದಿನ ಹಾಗೆ ಶೆಡ್ಡಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ, ಮಿಷನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ, ರಾಡು ಹಿಡಿದೆ. ಅನ್ನ ಕೊಡುವ ಮಿಷನ್ನಿನ ಮುಂದೆ ಒಂದು ದಿನವೂ ಚಪ್ಪಲಿ ಮೆಟ್ಟಿ ನಿಂತವನಲ್ಲ ನಾನು. ಕಿಡಿ ಹಾರಿತೋ ಇಲ್ಲವೋ, ಆಚೆಯಿಂದ ಕೂಗು.

"ಅಣ್ಣಾ, ನಿಲ್ಸಿ! ಬೂಟ್ ಎಲ್ಲಿ ಅಂತಾವ್ರೆ."

"ಬೂಟ್ ಯಾಕೆ? ಕೆಲಸ ಮಾಡೋದು ಕೈ ಕಣಪ್ಪ."

"ಬರಿಗಾಲೋರು ಬೇಡ್ವಂತೆ."

"ಇಪ್ಪತ್ತೈದು ವರ್ಷದಿಂದ ಒಂದು ಸುಟ್ಟಗಾಯ ಆಗಿಲ್ಲ ಅಂತ ಹೇಳು!"

ಹೆಂಡತಿ ಥಟ್ಟನೆ ಫೋನನ್ನು ನನ್ನ ಪಾದಕ್ಕೆ ತಿರುಗಿಸಿದಳು. ಕಿಡಿ ಬಿದ್ದು ಬಿದ್ದು ಆದ ಕಪ್ಪು ಚುಕ್ಕೆಗಳು ರಾಗಿ ಚೆಲ್ಲಿದ ಹಾಗಿದ್ದವು. ಫೋನು ಕಟ್ಟಾಯಿತು.

"ಯಾಕೆ ತೋರಿಸ್ದೆ?"

"ಗಾಯ ಇಲ್ಲ ಅಂದ್ರಲ್ಲ, ಸಾಕ್ಷಿಗೆ ತೋರಿಸ್ದೆ."

ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಅವಳಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ. ಮೂರನೇ ದಿನ ಏಜೆಂಟು ಫೋನು ಮಾಡಿ, ಹೇಗೋ ಒಪ್ಪಿಸಿದೀನಿ, ಇನ್ನೊಂದೇ ಅವಕಾಶ, ಇದು ಹೋದರೆ ಪೋಲೆಂಡ್ ಮರೆತುಬಿಡಿ ಅಂದ. ಬೇಲೂರಿಗೆ ಹೋಗಿ ಮೂತಿಗೆ ಕಬ್ಬಿಣ ಇರುವ ಬೂಟು ತಂದೆ. ತಂದದ್ದೇನೋ ಸರಿ, ಹಾಕಿಕೊಂಡು ಮಿಷನ್ನಿನ ಹತ್ತಿರ ಹೋಗಲು ಕಾಲೇ ಏಳಲಿಲ್ಲ.

"ಏನ್ರೀ, ಮದುವಣಗಿತ್ತಿ ಥರ ಹೊಸ್ತಿಲಲ್ಲೇ ನಿಂತಿದೀರಿ? ಒದೆಯೋಕೆ ಸೇರಕ್ಕಿ ಇಡ್ಲಾ?"

"ಮಿಷನ್ನಿಗೆ ಏನಂತ ಹೇಳ್ಲಿ ಹೇಳು?"

"ಮೊದಲು ಬರಿಗಾಲಲ್ಲಿ ಹೋಗಿ ಕೈ ಮುಗೀರಿ. ಆಮೇಲೆ ಬೂಟು ಹಾಕ್ಕಳಿ. ಗುಡಿ ಕಾಯೋ ಪೊಲೀಸ್ನೋರು ಬೂಟ್ ಹಾಕ್ಕಂಡೇ ನಿಲ್ಲಲ್ವಾ?"

ಹಾಗೇ ಮಾಡಿದೆ. ಈ ಸಲ ಗಡ್ಡದವನು ಮೊದಲು ಬೂಟು ನೋಡಿದ, ಆಮೇಲೆ ನನ್ನ ಮುಖ. ಎರಡು ಪಟ್ಟಿ ಬೆಸೆದು, ವೈಸಿನ ದವಡೆಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಹೊಡೆದು ತೋರಿಸು ಅಂದ. ಹೊಡೆದೆ. ಪಟ್ಟಿ ಬಾಗಿತು, ಬೆಸುಗೆ ಬಿಡಲಿಲ್ಲ. ಇನ್ನೊಂದು ಏಟು ಅಂತ ಕೈ ತೋರಿಸಿದ. ನನಗೂ ಹಠ ಬಂತು, ಮೂರು ಹೊಡೆದೆ. ಪಟ್ಟಿ ಕೊಕ್ಕೆಯಾಯಿತು, ಬೆಸುಗೆ ಹಾಗೇ ಇತ್ತು. ಗಡ್ಡದವನು ಹೆಬ್ಬೆರಳು ಎತ್ತಿದ. ಏಜೆಂಟು ಅದನ್ನೂ ಕನ್ನಡ ಮಾಡಲು ಹೊರಟ.

"ಅದು ಅರ್ಥ ಆಯ್ತು ಬಿಡಪ್ಪ," ಅಂದೆ.

ಪರ್ಮಿಟ್ ಬಂತು. ಬೆಂಗಳೂರಿಗೆ ಹೋಗಿ ಕಾಗದ, ಫೋಟೋ, ಬೆರಳಚ್ಚು ಎಲ್ಲ ಕೊಟ್ಟು ಬಂದೆ. ವಾರಗಟ್ಟಲೆ ಕಾದ ಮೇಲೆ ಮೊನ್ನೆ ಪಾಸ್‌ಪೋರ್ಟು ಮನೆಗೆ ಬಂತು. ಒಳಗೆ ಅಂಟಿಸಿದ ವೀಸಾವನ್ನು ಹೆಂಡತಿ ಉಗುರಿನಿಂದ ಕೆರೆಯಲು ಹೋದಳು.

"ಏಯ್, ಏನ್ ಮಾಡ್ತಿದೀಯೇ?"

"ಗಟ್ಟಿ ಐತಾ ಅಂತ ನೋಡ್ದೆ," ಅಂದು, ಸೆರಗಲ್ಲಿ ಆ ಪುಟ ಒರೆಸಿ ಕೊಟ್ಟಳು.

ಈಗ ನನ್ನ ಹತ್ತಿರ ಇರುವುದಿಷ್ಟು: ಒಂದು ಪಾಸ್‌ಪೋರ್ಟು, ಅದರಲ್ಲಿ ಒಂದು ವರ್ಷದ ವೀಸಾ, ಒಂದು ಟಿಕೆಟ್ಟು, ಎರಡು ಸ್ವೆಟರು, ಮೂರು ಸೇರು ಹುರಿಹಿಟ್ಟು, ಊರಿನಲ್ಲಿ ಇನ್ನು ಹನ್ನೊಂದು ದಿನ.