ಪ್ರಾಚಿಯ ಜೇಡ್ ಗಿಡ

ಖಡಕಿಯ ರಂಗೂಬಾಯಿ ಪ್ರತಿ ಭಾನುವಾರ ಬಸ್ಸು ಹಿಡಿದು ನಿಗಡಿಗೆ ಬರುತ್ತಿದ್ದರು, ಮಗಳ ಗಿಡಕ್ಕೆ ನೀರು ಹಾಕಲು. ಮಗಳು ಪ್ರಾಚಿ ಅಲ್ಲೊಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಡೆಂಗಿ ಜ್ವರದಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ತಾಯಿ ಬಂದು ಬಾಗಿಲು ಒಡೆಸಿದಾಗ ಅವಳ ತುಟಿಗಳು ಬಿರಿದಿದ್ದವು. ಅಡುಗೆಮನೆಯ ಫಿಲ್ಟರಿನ ತುಂಬ ನೀರಿತ್ತು.

ಆಮೇಲೆ ಆ ಮನೆಗೆ ಬಂದವಳು ಚಿತ್ರಾ. ಕುಂದಾಪುರದ ಕಡೆಯವಳು, ಮಾವನ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಬಾಲ್ಕನಿಯಲ್ಲಿ ಪ್ರಾಚಿಯ ಜೇಡ್ ಗಿಡ ಉಳಿದಿತ್ತು.

"ನಮ್ಮ ಮನಿಗೆ ಒಯ್ಯೂ ಧೈರ್ಯ ಇಲ್ಲವ್ವಾ. ಇಲ್ಲೇ ಇರ್ಲಿ, ನಾನ ಬಂದು ನೋಡ್ಕೋತೀನಿ" ಎಂದು ರಂಗೂಬಾಯಿ ಕೇಳಿಕೊಂಡಾಗ ಚಿತ್ರಾ ಒಪ್ಪಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಗಿಡದ ದಪ್ಪ ಎಲೆಗಳು ಹಳದಿಯಾಗಿ, ಮುಟ್ಟಿದರೆ ಉದುರತೊಡಗಿದವು. ಬುಡ ಮೆತ್ತಗಾಗಿತ್ತು.

"ಇದಕ್ಕೆ ಇಷ್ಟು ನೀರು ಆಗುದಿಲ್ಲಮ್ಮ" ಎಂದಳು ಚಿತ್ರಾ. "ಎಲೆಯೊಳಗೇ ನೀರು ಇಟ್ಟುಕೊಂಡಿರ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೇ ಹಾಕ್ಬೇಕು."

"ಒಣಗೂತನಕ ಕಾಯ್ಬೇಕೇನು?" ರಂಗೂಬಾಯಿಯ ಕೈ ನಿಲ್ಲಲಿಲ್ಲ. "ಅಕಿನೂ ಕಾದಿದ್ಲವ್ವಾ."

ಅಂದಿನಿಂದ ಚಿತ್ರಾಳಿಗೆ ಆ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಬಾಯಿ ಒಣಗುತ್ತಿತ್ತು. ಪಕ್ಕದಲ್ಲೇ ಯಾರೋ ನಾಲಿಗೆಯಿಂದ ತುಟಿ ಸವರಿಕೊಂಡಂತೆ ಸಣ್ಣ ಸದ್ದು. ಎದ್ದು ನೋಡಿದರೆ ಯಾರೂ ಇಲ್ಲ.

ಮುಂದಿನ ಭಾನುವಾರ ಗಿಡ ವಾಲಿ ಬಿದ್ದಿತ್ತು. ಕೊಳೆಯದೆ ಉಳಿದಿದ್ದ ಒಂದೇ ಕೊಂಬೆಯನ್ನು ಚಿತ್ರಾ ರಂಗೂಬಾಯಿಯ ಎದುರೇ ಕತ್ತರಿಸಿದಳು.

"ಕಡಿದ ಜಾಗ ಒಣಗ್ಬೇಕಮ್ಮ. ಒಂದು ವಾರ ನೀರು ಸೋಕಿಸುವ ಹಾಗಿಲ್ಲ."

ರಂಗೂಬಾಯಿ ಮುಖ ತಿರುಗಿಸಿದರು. "ಹಂಗಾರ ನನ್ನ ಮುಂದ ಇಡಬ್ಯಾಡ. ಸುಮ್ನ ನೋಡ್ಕೋತ ಕುಂಡ್ರೂದು ನನ್ನ ಕೈಲೆ ಆಗೂದಿಲ್ಲ."

ಅವರು ಹಲವು ವಾರ ಬರಲಿಲ್ಲ. ಚಿತ್ರಾ ಕೊಂಬೆಯನ್ನು ನೆರಳಲ್ಲಿ ಒಣಗಿಸಿ, ಮರಳು ಬೆರೆತ ಮಣ್ಣಿಗೆ ಊರಿ, ಹದ ನೋಡಿ ನೀರು ಹಾಕಿದಳು. ತುದಿಯಲ್ಲಿ ಎರಡು ಪುಟ್ಟ ಎಲೆ ಮೂಡಿದ ದಿನ ಫೋನ್ ಮಾಡಿದಳು.

ರಂಗೂಬಾಯಿ ಬಂದು ಮಣ್ಣಿಗೆ ಬೆರಳಿಟ್ಟು ನೋಡಿದರು. "ಒಣಗೇದ."

"ಇನ್ನೂ ನಾಲ್ಕು ದಿನ ಬೇಡಮ್ಮ."

ಅವರು ಸಂಜೆಯವರೆಗೆ ಕುಂಡದ ಮುಂದೆ ಕುಳಿತಿದ್ದರು, ಒಂದು ಕೈಯನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡು. ಏಳುವಾಗ ಕೇಳಿದರು: "ಇಲ್ಲೆ ನಿನಗ ಏನರ ಕೇಳಸ್ತದೇನು?"

"ಏನೂ ಇಲ್ಲಮ್ಮ." ಚಿತ್ರಾ ಸುಳ್ಳು ಹೇಳಿದಳು.

ರಂಗೂಬಾಯಿ ಅವಳ ಮುಖವನ್ನೇ ನೋಡಿದರು. "ದಿನಾ ಒಂದು ಫೋನ್ ಮಾಡು" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಚಿತ್ರಾ ಈಗ ದಿನಾ ಮಾಡುತ್ತಾಳೆ. "ನೀರು ಕುಡಿದ್ಯೇನವ್ವಾ?" ಎಂದು ಆ ಕಡೆಯಿಂದ ಕೇಳುತ್ತಾರೆ. ಹೂಂ ಅಂದ ಮೇಲೂ ರಂಗೂಬಾಯಿ ಬೇಗ ಫೋನ್ ಇಡುವುದಿಲ್ಲ.