ಟಿಕೆಟ್ ಇಲ್ಲದ ಕಂಡಕ್ಟರ್

ನಾನು ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಐರ್ಲೆಂಡಿನ ಒಂದು ಸ್ಟಾಪಿನಲ್ಲಿ ನಿಂತು ನಾನು ಬಸ್ಸು ತಪ್ಪಿಸಿಕೊಂಡ ಕಥೆ ಕೇಳಿದವರು, ಪಾಪ, ಹಳ್ಳಿ ಮುದುಕಿ, ಬಸ್ಸನ್ನೇ ಕಂಡಿರಲಿಕ್ಕಿಲ್ಲ ಅಂದುಕೊಳ್ಳುತ್ತಾರೆ. ಬಸ್ಸು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದೇ ನನಗೆ ಮುಳುವಾಯಿತು.

ಮಗಳ ಬಾಣಂತನಕ್ಕೆಂದು ಡಬ್ಲಿನ್ ನಗರದ ಹೊರಗಿನ ಲೀಕ್ಸ್‌ಲಿಪ್‌ಗೆ ಹೋಗಿದ್ದೆ. ಓದಲು ಹೋಗಿದ್ದ ಅವಳು ಅಲ್ಲಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಅಲ್ಲೇ ನೆಲೆ ನಿಂತಿದ್ದಳು. ನಾನು ಹೋದ ಸ್ವಲ್ಪ ದಿನಕ್ಕೆ ಅಳಿಯನ ತಂದೆಗೆ ಕಾಯಿಲೆ ಜೋರಾಗಿ ಅವನು ಊರಿಗೆ ಹೊರಟ. ಅವನು ಬೆಂಗಳೂರಿನಲ್ಲಿ ಇಳಿದ ಮೇಲೆ ಕೊರೊನಾ ಎಂದು ವಿಮಾನಗಳೆಲ್ಲ ನಿಂತವು. ಅವನು ಅಲ್ಲಿ ಸಿಕ್ಕಿಕೊಂಡ, ನಾವಿಬ್ಬರು ಇಲ್ಲಿ. ಯಾರೂ ಮನೆಯಿಂದ ದೂರ ಹೋಗಕೂಡದು ಎಂದು ಇಲ್ಲಿನ ಸರ್ಕಾರ ಹೇಳಿತು. ಹಾಗಾಗಿ ನಾನು ಕಂಡ ಐರ್ಲೆಂಡ್ ಎಂದರೆ ಮಗಳ ಬಡಾವಣೆ, ಒಂದು ಅಂಗಡಿ ಮತ್ತು ಕಾಲುವೆಯ ದಂಡೆ, ಇಷ್ಟೇ. ಅಲ್ಲಿಗೂ ಮಗಳ ಜೊತೆಗೇ ಹೋಗುತ್ತಿದ್ದೆ.

ಆಸ್ಪತ್ರೆಯ ಕಟ್ಟುನಿಟ್ಟು ಬೇರೆ ಇತ್ತು. ಚೆಕಪ್ಪಿಗೆ ಬಸುರಿ ಒಬ್ಬಳೇ ಹೋಗಬೇಕು. ಹೆರಿಗೆ ನೋವು ಬಂದ ಮೇಲೆ ಮಾತ್ರ ಜೊತೆಗೆ ಒಬ್ಬರನ್ನು ಬಿಡುತ್ತಾರೆ. ಗಂಡ ಬರಲಾರನೆಂದು ಮಗಳು ಆ ಒಬ್ಬರ ಜಾಗಕ್ಕೆ ನನ್ನನ್ನು ಹೇಳಿದ್ದಳು. ಕೆಮ್ಮು, ಜ್ವರ ಇದ್ದರೆ ಬಾಗಿಲಲ್ಲೇ ತಡೆಯುತ್ತಾರೆ ಎಂದೂ ಎಚ್ಚರಿಸಿದ್ದಳು. ಅವತ್ತಿನಿಂದ ನಾನು ಮಡಿ ಉಟ್ಟವರ ಹಾಗೆ ಬದುಕಿದೆ. ಯಾರನ್ನೂ ಮುಟ್ಟಲಿಲ್ಲ, ಅಂಗಡಿಗೂ ಹೋಗಲಿಲ್ಲ, ತಣ್ಣೀರು ಕುಡಿಯಲಿಲ್ಲ. ಇವಳನ್ನು ನಾನು ಹೆರುವಾಗ ನನ್ನ ತಾಯಿ ಬದುಕಿರಲಿಲ್ಲ. ನನ್ನ ಮಗಳಿಗೆ ಆ ಗತಿ ಬರಬಾರದು, ಅವಳ ಕೈ ಹಿಡಿದುಕೊಳ್ಳಲು ನಾನಿರಬೇಕು ಎಂಬ ಒಂದೇ ಹಟ.

ಅವತ್ತು ಬೆಳಿಗ್ಗೆ ಅವಳು ಟ್ಯಾಕ್ಸಿಯಲ್ಲಿ ಚೆಕಪ್ಪಿಗೆ ಹೋದಳು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಹೇಗೂ ಮನೆಯಲ್ಲಿ ಅವಳಿಲ್ಲ, ಘಾಟು ತಾಗುವುದಿಲ್ಲ ಎಂದು ನಾನು ಬಾಣಂತಿ ಖಾರಕ್ಕೆ ಕರಿಮೆಣಸು, ಒಣಮೆಣಸಿನಕಾಯಿ ಹುರಿಯಲು ನಿಂತೆ. ಆಗ ಫೋನು ಬಂತು.

"ಅಮ್ಮ, ಬಿಪಿ ಜಾಸ್ತಿ ಐತಂತೆ, ಇಲ್ಲೇ ಇಟ್ಕೊಂಡ್ರು. ಇವತ್ತೇ ನೋವು ಬರಿಸ್ತಾರಂತೆ. ನೀನು ಬಾ."

ಆ ಗಾಬರಿಯಲ್ಲಿ ಒಲೆಯ ಮೇಲಿನ ಬಾಣಲೆ ಮರೆತೆ. ನೆನಪಾಗುವ ಹೊತ್ತಿಗೆ ಮೆಣಸಿನಕಾಯಿ ಸುಟ್ಟು ಕರಕಲಾಗಿ ಮನೆಯೆಲ್ಲ ಘಾಟು. ಚಳಿಗೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಳ್ಳತೊಡಗಿತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಪೊರಕೆಯ ಕೋಲಿನಿಂದ ಅದರ ಬಾಯಿ ಮುಚ್ಚಿಸಿದೆ. ಮಗುವಿನ ಬಟ್ಟೆ, ನನ್ನದೊಂದು ಹಳೆಯ ನೂಲಿನ ಸೀರೆ ಚೀಲಕ್ಕೆ ತುಂಬಿದೆ. ಕ್ಯಾರಿಯರ್‌ಗೆ ಬಿಸಿ ಅನ್ನ, ಮೆಣಸಿನ ಸಾರು ಹಾಕಿಕೊಂಡೆ.

ಆಸ್ಪತ್ರೆಯಲ್ಲಿ ಮಲಗಿದ್ದ ಮಗಳು ಅಲ್ಲಿಂದಲೇ ಟ್ಯಾಕ್ಸಿಗೆ ಪ್ರಯತ್ನಿಸಿ ಸೋತಳು. ರೋಗದ ಭಯಕ್ಕೆ ಎಷ್ಟೋ ಡ್ರೈವರುಗಳು ಗಾಡಿ ತೆಗೆಯುತ್ತಲೇ ಇರಲಿಲ್ಲ. ಬಸ್ಸಲ್ಲಿ ಬರುತ್ತೇನೆ ಎಂದೆ. ನಿನಗೆ ಗೊತ್ತಾಗಲ್ಲ ಅಮ್ಮ ಎಂದಳು. ನನಗೆ ರೇಗಿತು. ಯಾರಿಗೆ ಬಸ್ಸು ಹೇಳಿಕೊಡುತ್ತೀಯ ನೀನು ಎಂದು ಗದರಿಸಿಯೇ ಫೋನಿಟ್ಟೆ.

ಸ್ಟಾಪಿನ ಕಂಬದ ಪಕ್ಕ ನೆಟ್ಟಗೆ ನಿಂತೆ. ನಮ್ಮ ರೂಟಿನಲ್ಲಿ ಕೈ ಅಡ್ಡ ಹಾಕುವವರೆಂದರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಸ್ಟಾಪು ಬಿಟ್ಟು ಎಲ್ಲೆಲ್ಲೋ ನಿಂತು ಕೈ ಬೀಸುತ್ತಾರೆ, ನಿಲ್ಲಿಸದಿದ್ದರೆ ಬಯ್ಯುತ್ತಾರೆ. ಮರ್ಯಾದಸ್ಥರು ಸ್ಟಾಪಿನಲ್ಲಿ ನಿಲ್ಲಬೇಕು, ಬಸ್ಸು ತಾನಾಗಿ ನಿಲ್ಲಬೇಕು, ಇದು ನನ್ನ ಕಾನೂನು. ದೂರದಲ್ಲಿ ಎರಡಂತಸ್ತಿನ ಬಸ್ಸು ಕಂಡಿತು. ಚೀಲ ಎತ್ತಿಕೊಂಡು ಸಿದ್ಧಳಾದೆ. ಅದು ನನ್ನ ಮುಂದೆಯೇ ಸುಯ್ಯೆಂದು ಹೋಗಿಬಿಟ್ಟಿತು. ಎಷ್ಟೋ ಹೊತ್ತಿನ ಮೇಲೆ ಬಂದ ಇನ್ನೊಂದೂ ಹಾಗೇ ಮಾಡಿತು. ಅದರ ಡ್ರೈವರು ನನ್ನನ್ನು ಕಣ್ಣಾರೆ ನೋಡಿದ್ದ. ನನ್ನ ಮೈಬಣ್ಣಕ್ಕೋ, ಕೋಟಿನ ಕೆಳಗೆ ಕಾಣುತ್ತಿದ್ದ ಸೀರೆಗೋ ನಿಲ್ಲಿಸಲಿಲ್ಲ ಎಂದುಕೊಂಡೆ. ಬಾಯಿಗೆ ಬಂದಂತೆ ಬಯ್ದೆ. ಕೇಳುವವರು ಯಾರೂ ಇರಲಿಲ್ಲ.

ಇದ್ದವನು ಒಬ್ಬ ಮುದುಕ, ಎದುರು ಬದಿಯಲ್ಲಿ ನಾಯಿ ತಿರುಗಾಡಿಸುತ್ತಿದ್ದ. ಹತ್ತಿರ ಬರುವಂತಿಲ್ಲವಲ್ಲ, ಅಲ್ಲಿಂದಲೇ ಟ್ರಾಫಿಕ್ ಪೊಲೀಸಿನಂತೆ ತೋಳು ಚಾಚಿ ತೋರಿಸಿದ. ಕೈ ತೋರಿಸದಿದ್ದರೆ ಈ ಊರಿನ ಬಸ್ಸು ನಿಲ್ಲುವುದಿಲ್ಲ ಎಂದು ಆಗ ತಿಳಿಯಿತು. ನನ್ನ ಮಗಳು ಅಲ್ಲಿ ಒಬ್ಬಳೇ ನೋವು ತಿನ್ನುತ್ತಿರುವಾಗ ನಾನು ಇಲ್ಲಿ ಮರ್ಯಾದೆ ಹಿಡಿದುಕೊಂಡು ನಿಂತಿದ್ದೆ. ಮುಂದಿನ ಬಸ್ಸಿಗೆ ಒಂದು ಕಾಲು ರಸ್ತೆಯಲ್ಲಿಟ್ಟು ಕೈ ಅಡ್ಡ ಹಾಕಿದೆ.

ಬಸ್ಸಿನಲ್ಲಿ ಕಂಡಕ್ಟರ್ ಇರಲಿಲ್ಲ. ಗಾಜಿನ ಹಿಂದೆ ಡ್ರೈವರು, ಮುಂದೆ ಚಿಲ್ಲರೆ ಮಾತ್ರ ನುಂಗುವ ಡಬ್ಬಿ. ನನ್ನ ಕೈಯಲ್ಲಿದ್ದದ್ದು ನೋಟು. ಆಸ್ಪತ್ರೆಯ ಹೆಸರು ಹೇಳಿ, ಡಾಟರ್, ಬೇಬಿ ಎಂದೆ. ಅವನು ನನ್ನ ಚೀಲ ನೋಡಿದ, ಮುಖ ನೋಡಿದ. "ಯೂ ಆರ್ ಗ್ರ್ಯಾಂಡ್," ಎಂದು, ದುಡ್ಡು ಬೇಡ, ಪರವಾಗಿಲ್ಲ ಎನ್ನುವ ಹಾಗೆ ಒಳಗೆ ಹೋಗಲು ಕೈ ಮಾಡಿದ. ಟಿಕೆಟ್ ಇಲ್ಲದೆ ಬಸ್ಸು ಹತ್ತಿದ್ದು ಜೀವಮಾನದಲ್ಲಿ ಅದೇ ಮೊದಲು. ಟಿಕೆಟ್ ಇಲ್ಲದ ಎಷ್ಟು ಜನರನ್ನು ನಾನು ನಡುರಸ್ತೆಯಲ್ಲಿ ಇಳಿಸಿಲ್ಲ! ಅವರಲ್ಲಿ ಯಾರ ಮಗಳು ಯಾವ ಆಸ್ಪತ್ರೆಯಲ್ಲಿದ್ದಳೋ, ನಾನು ಕೇಳಿದವಳಲ್ಲ. ಸೀಟುಗಳಿಗೆ ಒಂದು ಬಿಟ್ಟು ಒಂದಕ್ಕೆ ಪಟ್ಟಿ ಅಂಟಿಸಿದ್ದರು. ಖಾಲಿ ಇದ್ದ ಮುಂದಿನ ಸೀಟಿನ ತುದಿಯಲ್ಲಿ ಕೂತೆ.

ಅಷ್ಟರಲ್ಲಿ ಗಂಟಲು ಕೆರೆಯಿತು. ಬೆಳಗಿನ ಘಾಟು ಇನ್ನೂ ಅಲ್ಲೇ ಕೂತಿತ್ತು. ಒಮ್ಮೆ ಕೆಮ್ಮಿದೆ. ಹಿಂದೆ ಕೂತಿದ್ದ ಹೆಂಗಸು ಎದ್ದು ಮೇಲಿನ ಅಂತಸ್ತಿಗೆ ಹೋದಳು. ಆಮೇಲೆ ದಾರಿಯುದ್ದಕ್ಕೂ ಸೆರಗು ಬಾಯಿಗೆ ತುರುಕಿಕೊಂಡು, ಉಗುಳು ನುಂಗುತ್ತ ಕೂತೆ. ಪ್ರತಿ ಸ್ಟಾಪಿಗೂ ಒಂದು ಹೆಣ್ಣು ದನಿ ಎರಡು ಭಾಷೆಯಲ್ಲಿ ಹೆಸರು ಕೂಗುತ್ತಿತ್ತು. ಎರಡೂ ನನ್ನ ಕಿವಿಯಲ್ಲಿ ನಿಲ್ಲಲಿಲ್ಲ. ಹೊಲ ಹೋಗಿ ಮನೆ ಬಂತು, ಮನೆ ಹೋಗಿ ನದಿ ಬಂತು. ಡಬ್ಲಿನ್ ನಗರ ಬಂದ್ ದಿನದ ಬೆಂಗಳೂರಿನ ಹಾಗೆ ಬಾಗಿಲು ಎಳೆದುಕೊಂಡು ಮಲಗಿತ್ತು.

ಡ್ರೈವರು ನನ್ನನ್ನು ಮರೆತಿರಲಿಲ್ಲ. ಒಂದು ಕಡೆ ನಿಲ್ಲಿಸಿ, ಸೇತುವೆ ದಾಟು, ಎಡಕ್ಕೆ ಹೋಗು, ಆಮೇಲೆ ಬಲಕ್ಕೆ ಎಂದು ಕೈಯಲ್ಲೇ ತೋರಿಸಿದ. ಸೇತುವೆ ದಾಟಿದೆ. ಎಡಕ್ಕೂ ಹೋದೆ. ಆ ಬಲ ಯಾವ ಬಲವೆಂದು ತಿಳಿಯಲಿಲ್ಲ. ಎಲ್ಲ ಬೀದಿಗೂ ಅದೇ ಕೆಂಪು ಇಟ್ಟಿಗೆ, ಅದೇ ಮುಚ್ಚಿದ ಬಾಗಿಲು. ನಮ್ಮಲ್ಲಾದರೆ ದಾರಿ ತಪ್ಪಿದವರಿಗೆ ಒಂದು ಬೀಡಾ ಅಂಗಡಿಯಾದರೂ ಇರುತ್ತದೆ. ಎದುರು ಬಂದ ಒಬ್ಬಳೇ ಒಬ್ಬ ಹೆಂಗಸನ್ನು ಕೇಳಲು ಹೋದರೆ ಅವಳು ಹೆದರಿ ರಸ್ತೆಯ ಆಚೆಗೆ ದಾಟಿಬಿಟ್ಟಳು. ಅವಳ ಹಿಂದೆ ಓಡೋಣ ಅನ್ನಿಸಿತು. ಅಷ್ಟರಲ್ಲಿ ಫೋನು ಬಂತು.

"ಎಲ್ಲಿದ್ದೀಯಮ್ಮ?"

"ಬಂದೆ ಮಗ. ಆಸ್ಪತ್ರೆ ಕಾಣ್ತಾ ಐತೆ," ಎಂದೆ. ಕಾಣುತ್ತಿದ್ದದ್ದು ಒಂದು ಮುಚ್ಚಿದ ಬ್ಯಾಂಕು.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ತುಂಬು ಬಸುರಿ. ಗಂಡ ಸೂಟ್‌ಕೇಸು ಹಿಡಿದಿದ್ದ, ಅವಳು ಸೊಂಟ ಹಿಡಿದುಕೊಂಡು ಮೆಲ್ಲಗೆ ನಡೆಯುತ್ತಿದ್ದಳು. ಇವಳು ಇನ್ನೆಲ್ಲಿಗೆ ಹೋದಾಳು ಎಂದು ಹಿಂದೆಯೇ ನಡೆದೆ. ಅದೇ ಬಾಗಿಲು ಸಿಕ್ಕಿತು.

ಬಾಗಿಲಲ್ಲಿದ್ದ ಹೆಂಗಸು ಹೆಸರು ಕೇಳಿ ಒಳಗೆ ವಿಚಾರಿಸಿ, ಹೌದು, ನಿಮ್ಮನ್ನೇ ಕಾಯುತ್ತಿದ್ದಾರೆ ಎಂದಳು. ಹಣೆಗೆ ಜ್ವರದ ಯಂತ್ರ ಹಿಡಿದಳು. ಜ್ವರವಿಲ್ಲ. ಕೆಮ್ಮು ಇದೆಯಾ ಎಂದಳು. ಇಲ್ಲ ಎಂದೆ. ಅದು ಸುಳ್ಳಲ್ಲ. ಆದರೆ ಬಾಯಿ ತೆರೆದದ್ದೇ ತಡ, ಅಲ್ಲಿವರೆಗೆ ಒತ್ತಿ ಹಿಡಿದಿದ್ದದ್ದೆಲ್ಲ ಒಮ್ಮೆಗೇ ನುಗ್ಗಿ ಬಂತು. ಬಾಗಿ, ಗೋಡೆ ಹಿಡಿದು, ಕಣ್ಣು ಹೊರಬರುವ ಹಾಗೆ ಕೆಮ್ಮಿದೆ. ಅವಳು ಹಿಂದೆ ಸರಿದಳು. ಚಿಲ್ಲಿ, ಕುಕ್ಕಿಂಗ್, ಸ್ಮೋಕ್ ಎಂದೆ. ಕೈ ಮುಗಿದೆ. ಕ್ಯಾರಿಯರ್ ಬಿಚ್ಚಿ ಮೆಣಸಿನ ಸಾರು ತೋರಿಸಿದೆ. ಅವಳ ಕಣ್ಣಲ್ಲೂ ನೀರಿತ್ತು, ಆದರೆ ಆಗುವುದಿಲ್ಲ ಎಂದು ತಲೆ ಆಡಿಸಿದಳು. ಒಳಗೆ ಎಷ್ಟೊಂದು ಹಸುಗೂಸುಗಳು. ಅವಳ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಚೀಲ, ಕ್ಯಾರಿಯರ್ ತೆಗೆದುಕೊಂಡು ಬಾಗಿಲು ಹಾಕಿದಳು.

ಎಷ್ಟು ಎಚ್ಚರದಿಂದ ಇದ್ದು, ಎಂಥ ಕೆಲಸಕ್ಕೆ ಬಾಗಿಲು ಕಳೆದುಕೊಂಡೆ! ಫುಟ್‌ಪಾತಿನ ಮೇಲೆ ನಿಂತು ಗೋಳೋ ಎಂದು ಅತ್ತೆ. ಅಷ್ಟರಲ್ಲಿ ಮಗಳ ಫೋನು. ಅವಳಿಗೆ ವಿಷಯ ತಿಳಿದಿತ್ತು. ಬಯ್ಯಲಿಲ್ಲ. ನೋವಿನ ನಡುವೆ ಉಸಿರು ಸಿಕ್ಕಿದಾಗ ಒಂದೊಂದೇ ಮಾತು ಬರುತ್ತಿತ್ತು. ನರ್ಸು ಫೋನನ್ನು ದಿಂಬಿನ ಮೇಲೆ ಇಟ್ಟಿದ್ದಾಳೆ ಎಂದಳು.

"ಅಮ್ಮ, ಏನಾದ್ರೂ ಮಾತಾಡ್ತಾ ಇರು. ನಿಲ್ಲಿಸ್ಬೇಡ."

ಏನು ಮಾತಾಡಲಿ? ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಧೈರ್ಯ ಹೇಳೋಣವೆಂದರೆ ನನ್ನಲ್ಲೇ ಇರಲಿಲ್ಲ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ, ಶಾಲೆ ಬಿಟ್ಟ ಮೇಲೆ ನನ್ನ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಡ್ಯೂಟಿ ಮುಗಿಯುವ ತನಕ ಅದೇ ಅವಳ ಮನೆ. ಸ್ಟಾಪುಗಳನ್ನು ನನಗಿಂತ ಮೊದಲೇ ಕೂಗುತ್ತಿದ್ದಳು. ಅದು ಯಾಕೆ ನೆನಪಾಯಿತೋ, ಕಣ್ಣೊರೆಸಿಕೊಂಡು ಕಂಡಕ್ಟರ್ ದನಿ ತೆಗೆದೆ.

"ಮೆಜೆಸ್ಟಿಕ್ ಬಿಡ್ತಾ ಐತೆ, ಒಳಗಡೆ ಹೋಗಿ, ಒಳಗಡೆ ಹೋಗಿ. ರೈಟ್ ರೈಟ್."

ಆ ಕಡೆ ಉಸಿರು ಹಿಡಿದದ್ದು ಕೇಳಿತು. ಮೈಸೂರ್ ಬ್ಯಾಂಕ್ ಎಂದೆ. ಒಂದು ನೋವು ಬಂದು ಹೋಗುವ ತನಕ ಅಲ್ಲೇ ಬಸ್ಸು ನಿಲ್ಲಿಸಿದೆ. ಟೌನ್‌ಹಾಲ್. ಮಿನರ್ವ ಸರ್ಕಲ್. ಲಾಲ್‌ಬಾಗ್ ವೆಸ್ಟ್ ಗೇಟ್. ಪ್ರತಿ ಸ್ಟಾಪಿನಲ್ಲೂ ಹತ್ತುವವರನ್ನು ಹತ್ತಿಸಿದೆ, ಚಿಲ್ಲರೆ ಇಲ್ಲದವರನ್ನು ಗದರಿದೆ, ಮೆಟ್ಟಿಲ ಮೇಲೆ ನಿಂತ ಕಾಲೇಜು ಹುಡುಗರನ್ನು ಒಳಗೆ ತಳ್ಳಿದೆ. ಸೌತ್ ಎಂಡ್ ಸರ್ಕಲ್ ದಾಟಿ, ಯಡಿಯೂರು ದಾಟಿ ಬನಶಂಕರಿ ಬಂದೇಬಿಟ್ಟಿತು. ಕೊನೆಯ ಸ್ಟಾಪು. ಮಗು ಬಂದಿರಲಿಲ್ಲ.

"ಈಗೇನಮ್ಮ?" ಮಗಳು ಅಳುತ್ತಿದ್ದಳು.

"ಏನು ಅಂದ್ರೆ? ವಾಪಸ್ ಟ್ರಿಪ್ಪು," ಎಂದು ಬಸ್ಸು ತಿರುಗಿಸಿದೆ.

ಯಡಿಯೂರು. ಸೌತ್ ಎಂಡ್. ವೆಸ್ಟ್ ಗೇಟ್ ಹೊತ್ತಿಗೆ ಅವಳ ಕೂಗು ಕೇಳಲಾರದಷ್ಟು ಜೋರಾಯಿತು. ಮಿನರ್ವ ಎಂದು ನಾನು ಹೇಳಿ ಮುಗಿಸುವುದರೊಳಗೆ ಏನೋ ಬಿದ್ದ ಸದ್ದಾಗಿ ಫೋನು ಕಟ್ಟಾಯಿತು. ತಿರುಗಿ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಬಾಗಿಲು ಬಡಿದೆ, ತೆರೆಯಲಿಲ್ಲ. ಬಿಪಿ, ಬಿಪಿ ಎಂದು ತಲೆಯೊಳಗೆ ಬಡಿಯುತ್ತಿತ್ತು. ಬಸ್ಸು ನಡುದಾರಿಯಲ್ಲಿ ನಿಂತರೆ ಅವಳೂ ನಿಂತುಹೋಗುತ್ತಾಳೆ ಎಂಬ ಹುಚ್ಚು ಭಯ. ಯಾರೂ ಇಲ್ಲದ ಆ ಬೀದಿಯಲ್ಲಿ ಗಟ್ಟಿಯಾಗಿ ಟೌನ್‌ಹಾಲ್ ಎಂದೆ. ಮೈಸೂರ್ ಬ್ಯಾಂಕ್ ಎಂದೆ. ಮೆಜೆಸ್ಟಿಕ್ ಎಂದೆ. ಆಮೇಲೆ ಹೇಳಲು ಸ್ಟಾಪುಗಳೇ ಉಳಿದಿರಲಿಲ್ಲ. ಸದ್ದಿಲ್ಲದ ಫೋನು ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅದು ಮತ್ತೆ ಬಡಿದುಕೊಂಡಾಗ ಎತ್ತಲು ಕೈ ಬರಲಿಲ್ಲ. ಎತ್ತಿದೆ. ಮೊದಲು ಕೇಳಿದ್ದು ಒಂದು ಪುಟ್ಟ, ಸಿಟ್ಟಿನ ಅಳು. ಆಮೇಲೆ ಮಗಳ ದನಿ, ಬಾವಿಯ ತಳದಿಂದ ಬಂದಂತೆ.

"ಹೆಣ್ಣು, ಅಮ್ಮ. ಮಿನರ್ವದಲ್ಲೇ ಇಳ್ಕೊಂಡ್ಳು."

ನಾನೊಬ್ಬಳೇ ಖಾಲಿ ಬಸ್ಸಿನಲ್ಲಿ ಮೆಜೆಸ್ಟಿಕ್ ತನಕ ಹೋಗಿಬಿಟ್ಟಿದ್ದೆ.